ಗೆಜ್ಜೆ ಬಿಚ್ಚಿಡೋದು ಹೇಗೆ: ಕ್ರೈಂ ಬೀಟಿನಿಂದ 63 ದಿನ ರಜೆ ತಗೊಂಡವನ ಸಮಗ್ರ ಮಾರ್ಗದರ್ಶಿ

ನನಗೆ ರಜೆ ಬೇಕು ಅಂತ ಗೊತ್ತಾದದ್ದು ಒಂದು ಫೋನಿನಲ್ಲಿ. 2024ರ ಸೆಪ್ಟೆಂಬರ್, ಸಂಜೆ ಆರೂಕಾಲು, ಡೆಸ್ಕಿನವರು ಲೋಕಲ್ ಪೇಜಿಗೆ ಕಾಪಿ ಕೇಳ್ತಾ ತಲೆ ತಿನ್ನುವ ಹೊತ್ತು. ಹೊಳೆಗೆ ಸ್ನಾನಕ್ಕೆ ಇಳಿದವರು ಮುಳುಗಿದ್ದಾರೆ ಅಂತ ಪರಿಚಯದ ಆಂಬ್ಯುಲೆನ್ಸ್ ಡ್ರೈವರ್ ಫೋನ್ ಮಾಡಿದ್ರು. "ಎಷ್ಟು ಜನ?" ಕೇಳಿದೆ. "ಒಬ್ಬನೇ ಅಣ್ಣ, ಪಿಯುಸಿ ಹುಡುಗ." "ಹೋ, ಒಬ್ಬನೇನಾ" ಅಂದೆ. ಆಚೆ ಕಡೆ ಒಂದು ಗಳಿಗೆ ಸದ್ದಿಲ್ಲ, ಆಮೇಲೆ ಅವ್ರು "ಹಾಂ, ಒಬ್ಬನೇ" ಅಂತ ಫೋನ್ ಇಟ್ರು. ನನ್ನ ಮಂಡೆಯಲ್ಲಿ ಆಗ ಓಡ್ತಿದ್ದದ್ದು ಇಬ್ಬರಾದ್ರೆ ಮೂರು ಕಾಲಂ, ಒಬ್ಬನಾದ್ರೆ ಸಿಂಗಲ್ ಅನ್ನೋ ಲೆಕ್ಕ ಮಾರಾಯ್ರೆ, ಬೇರೆ ಎಂತದೂ ಇಲ್ಲ. ಕಾಪಿ ಕೊಟ್ಟೆ, ಪೇಜ್ ಹೋಯ್ತು, ಮನೆಗೆ ಬಂದು ಬಂಗುಡೆ ಗಸಿ ಹಾಕಿ ಊಟ ಮಾಡಿದೆ, ನಿದ್ರೆ ಮಾತ್ರ ಬರಲಿಲ್ಲ.

ನಮ್ಮ ಫೀಲ್ಡಿನವರು "ರಜೆ ತಗೊಳ್ಳಿ" ಅಂತ ಒಬ್ಬರಿಗೊಬ್ಬರು ಹೇಳ್ತಾರೆ, ಹೇಗೆ ತಗೊಳ್ಳೋದು ಅಂತ ಯಾರೂ ಹೇಳೋದಿಲ್ಲ. ಅದಕ್ಕೇ ಇದು. ಕ್ರೈಂ, ಅಪಘಾತ, ನೆರೆ, ಗುಡ್ಡ ಕುಸಿತ, ಕೋಮು ಗಲಾಟೆ, ಮಕ್ಕಳ ಮೇಲಿನ ದೌರ್ಜನ್ಯದ ಕೇಸು, ಇಂಥದ್ದೇ ಬರೆದು ಬರೆದು ಸುಸ್ತಾದವರಿಗೆ. ರಿಪೋರ್ಟರ್, ಕ್ಯಾಮೆರಾದವ್ರು, ಡೆಸ್ಕಿನಲ್ಲಿ ಕೂತು ಹಸಿ ವಿಡಿಯೊ ಕತ್ತರಿಸುವವರು ಎಲ್ಲರಿಗೂ.

ಒಂದು ಮಾತು ಮೊದಲೇ: ಬದುಕೇ ಬೇಡ ಅಂತ ಯೋಚನೆ ಬರ್ತಾ ಉಂಟಾ, ಹಾಗಾದ್ರೆ ಇದನ್ನು ಓದೋದು ಈಗಲೇ ನಿಲ್ಲಿಸಿ ಮನೆಯ ಒಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರ ಅಕ್ಟೋಬರಿನಿಂದ ಉಂಟು, ದಿನದ 24 ಗಂಟೆ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಆತ್ಮಹತ್ಯೆ ಸುದ್ದಿಯ ಕೆಳಗೆ ಹಾಕ್ಲಿಕ್ಕೆ ಮಾತ್ರ ಆ ನಂಬರ್ ಇರೋದಲ್ಲ, ನಮಗೂ ಉಂಟು.

ಮೊದಲನೇ ಹೆಜ್ಜೆ: ಯಾವ ಸುಸ್ತು ಅಂತ ನೋಡಿಕೊಳ್ಳಿ

ತುಳುವಿನಲ್ಲಿ ಬಚ್ಚೆಲ್ ಅಂತ ಒಂದು ಶಬ್ದ ಉಂಟಲ್ಲ, ಮೈ ಬಚ್ಚಿದ್ರೆ ಎರಡು ದಿನ ಮಲಗಿದ್ರೆ ಹೋಗ್ತದೆ. ಬರ್ನೌಟ್ ಹಾಗೆ ಹೋಗೋದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವ್ರು 2019ರಲ್ಲಿ ತಮ್ಮ ಐಸಿಡಿ-11 ಅನ್ನೋ ಕಾಯಿಲೆಗಳ ಪಟ್ಟಿಯಲ್ಲಿ ಇದನ್ನು ಕಾಯಿಲೆ ಅಂತ ಹಾಕಲಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಒಂದು ಸ್ಥಿತಿ ಅಂತ ಹಾಕಿ ಮೂರು ಗುರುತು ಕೊಟ್ಟಿದ್ದಾರೆ. ಶಕ್ತಿಯೇ ಇಲ್ಲದ ಹಾಗೆ ಆಗೋದು, ಕೆಲಸದಿಂದ ಮನಸ್ಸು ದೂರ ಆಗಿ ಎಲ್ಲದರ ಬಗ್ಗೆ ಕುಹಕ ಬರೋದು, ನಾನು ಮಾಡೋದ್ರಲ್ಲಿ ಎಂತ ಪ್ರಯೋಜನ ಅಂತ ಅನ್ನಿಸೋದು. ನನ್ನ "ಹೋ, ಒಬ್ಬನೇನಾ" ಎರಡನೆಯದ್ದು. ಹೆಚ್ಚಿನವರು ಮೊದಲನೆಯದ್ದನ್ನೇ ಕಾಯ್ತಾ ಕೂರ್ತಾರೆ, ಬಿದ್ದ ಮೇಲೆ ರಜೆ ಅಂತ. ನನ್ನ ಅನುಭವದಲ್ಲಿ ಮೊದಲು ಬರೋದು ಕುಹಕ, ಅದು ಮತ್ತೆ ನಮ್ಮ ಆಫೀಸುಗಳಲ್ಲಿ ಜಾಣತನ ಅಂತ ಪಾಸಾಗ್ತದೆ, ಮಾರ್ಚರಿ ಹೊರಗೆ ಚೆಂದ ಜೋಕ್ ಹೇಳುವವನಿಗೆ ಸೀನಿಯರ್ ಅಂತ ಮರ್ಯಾದೆ.

ಇನ್ನೊಂದು ಬೇರೆ ಉಂಟು, ಆಘಾತ ಮನಸ್ಸಲ್ಲಿ ಉಳಿಯೋದು, ಪಿಟಿಎಸ್‌ಡಿ ಅಂತಾರೆ, ಅದನ್ನು ಇದರ ಜೊತೆ ಕಲಸಬೇಡಿ. ನೋಡಿದ ದೃಶ್ಯ ಕರೆಯದೇ ಕಣ್ಣೆದುರು ಬರೋದು, ಆ ವಾಸನೆ ಮೂಗಿಗೆ ಬರೋದು, ಆ ರಸ್ತೆಯಲ್ಲಿ ಹೋಗ್ಲಿಕ್ಕೇ ಆಗದೆ ಸುತ್ತು ಹೊಡೆದು ಹೋಗೋದು, ಬಾಗಿಲು ಬಡಿದ್ರೆ ಬೆಚ್ಚಿ ಬೀಳೋದು. ಇದು ಒಂದು ತಿಂಗಳು ದಾಟಿದ್ರೆ ಡಾಕ್ಟ್ರೇ ನೋಡಬೇಕು, ರಜೆ ಒಂದರಿಂದ ಸರಿ ಆಗೋದಿಲ್ಲ. "ನಾನು ಸ್ಥಳಕ್ಕೆ ಹೋಗಿಲ್ಲ, ಬರೇ ವಿಡಿಯೊ ನೋಡಿದ್ದು, ನನಗೆ ಹೇಗೆ ಆಗ್ತದೆ" ಅಂತ ಡೆಸ್ಕಿನವರು ಕೇಳ್ತಾರೆ. ಅಮೆರಿಕದ ಮನೋವೈದ್ಯರ ಸಂಘದ 2013ರ ಡಿಎಸ್ಎಂ-5 ಅನ್ನೋ, ಮನಸ್ಸಿನ ಕಾಯಿಲೆ ಗುರುತಿಸುವ ಪುಸ್ತಕದಲ್ಲೇ ಉಂಟು, ಟಿವಿ ಮೊಬೈಲಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ, ಆದರೆ ಕೆಲಸದ ಭಾಗವಾಗಿ ಮತ್ತೆ ಮತ್ತೆ ನೋಡಬೇಕಾಗಿ ಬಂದ್ರೆ ಲೆಕ್ಕಕ್ಕುಂಟು. ಹಾಗಾಗಿ ಎಡಿಟಿಂಗ್ ಟೇಬಲಿನವರೂ ಸಂಕೋಚ ಮಾಡೋದು ಬೇಡ.

ನನಗೆ ಎರಡೂ ಸ್ವಲ್ಪ ಸ್ವಲ್ಪ ಇತ್ತು. 2010ರ ಮೇ 22ಕ್ಕೆ ಬಜ್ಪೆಯಲ್ಲಿ ವಿಮಾನ ಬಿದ್ದಾಗ ನಾನು ಟ್ರೈನಿ, 158 ಜನ ಹೋದ್ರು, 8 ಜನ ಉಳಿದ್ರು, ನಾನು ಮೂರು ದಿನ ಮಾರ್ಚರಿ ಬಾಗಿಲಲ್ಲಿ ಹೆಸರಿನ ಪಟ್ಟಿ ಹಿಡ್ಕೊಂಡು ನಿಂತಿದ್ದೆ, ನಾಲ್ಕನೇ ದಿನ ಒಂದು ಸ್ಕೂಲಿನ ಕಾರ್ಯಕ್ರಮದ ವರದಿಗೆ ಕಳಿಸಿದ್ರು. ಅಷ್ಟೆ. ಯಾರೂ ಎಂತದೂ ಕೇಳಲಿಲ್ಲ, ಕೆಟ್ಟವರಾಗಿ ಅಲ್ಲ, ಅವ್ರಿಗೂ ಯಾರೂ ಕೇಳಿರಲಿಲ್ಲ. ಆಮೇಲೆ 2024ರ ಜುಲೈ 16ರ ಶಿರೂರು, ನಮ್ಮ ಬೈಂದೂರು ಶಿರೂರಲ್ಲ, ಅಂಕೋಲಾದ್ದು. ಗುಡ್ಡ ಹೈವೇ ಮೇಲೆ ಬಂದು ಗಂಗಾವಳಿ ಹೊಳೆಗೆ ಬಿದ್ದಲ್ಲಿ, ಕೊಚ್ಚಿಹೋದ ಒಂದು ಲಾರಿಯನ್ನು ಎರಡು ತಿಂಗಳಿಗಿಂತ ಜಾಸ್ತಿ ಹುಡುಕಿದ್ರು. ಅಲ್ಲಿ ಮಳೆಯಲ್ಲಿ ನಿಂತು "ಈಗ ತಾಜಾ ಮಾಹಿತಿ ಎಂತ" ಅಂತ ಗಂಟೆಗೊಮ್ಮೆ ಕೇಳಿಸ್ಕೊಂಡದ್ದು ಇನ್ನೂ ಕಿವಿಯಲ್ಲುಂಟು.

ಎರಡನೇ ಹೆಜ್ಜೆ: ಎಡಿಟರ್ ಹತ್ರ ಹೋಗುವ ಮೊದಲು ಡಾಕ್ಟ್ರ ಹತ್ರ ಹೋಗಿ

ಈ ಕ್ರಮ ಉಲ್ಟಾ ಮಾಡಬೇಡಿ. ಸುಸ್ತು ಅಂತ ಹೋದಾಗ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್, ಶುಗರ್, ಹಿಮೋಗ್ಲೋಬಿನ್, ಬಿ12. ನನಗೆ ಬಿ12 ನೆಲ ಕಚ್ಚಿತ್ತು, ಮಂಡೆ ಬಿಸಿಯ ಒಂದು ಪಾಲು ಅದರದ್ದೇ ಇರಬಹುದು ಅಂತ ಡಾಕ್ಟ್ರು ನಗಾಡಿದ್ರು.

ಆಮೇಲೆ ಮನೋವೈದ್ಯರು. ಇಲ್ಲಿ ನಮ್ಮವರಿಗೊಂದು ವಿಶೇಷ ತಾಪತ್ರಯ ಉಂಟು, ಊರಿನ ಆಸ್ಪತ್ರೆಯಲ್ಲಿ ಸೆಕ್ಯೂರಿಟಿಯಿಂದ ಹಿಡಿದು ಮಾರ್ಚರಿಯವರ ತನಕ ಎಲ್ಲರಿಗೂ ನಮ್ಮ ಗುರುತು, ಸೈಕಿಯಾಟ್ರಿ ಒಪಿಡಿ ಮುಂದೆ ಕೂತ್ರೆ "ಎಂತ ಸರ್, ಯಾವ ಕೇಸು?" ಅಂತ ಕೇಳ್ತಾರೆ. ಪರಿಹಾರ ಸುಲಭ: ಮಂಗಳೂರಿನವರು ಉಡುಪಿಗೆ ಹೋಗಿ, ಉಡುಪಿಯವರು ಮಂಗಳೂರಿಗೆ ಬನ್ನಿ. ಆ ಕಡೆ ಮಣಿಪಾಲದ ಕಸ್ತೂರ್ಬಾ ಉಂಟು, ದೊಡ್ಡಣಗುಡ್ಡೆಯಲ್ಲಿ ಬಾಳಿಗಾ ಆಸ್ಪತ್ರೆ ಉಂಟು, ಈ ಕಡೆ ಖರ್ಚು ಕಡಿಮೆಯಲ್ಲಿ ಆಗಬೇಕಾದ್ರೆ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಉಂಟು. ಒಂದೂವರೆ ಗಂಟೆಯ ಬಸ್ಸು, ಆ ಪ್ರಯಾಣವೂ ಒಳ್ಳೇದೇ, ಹೋಗುವಾಗ ಎಂತ ಹೇಳಬೇಕು ಅಂತ ಯೋಚನೆ ಮಾಡ್ಲಿಕ್ಕೆ ಪುರ್ಸೊತ್ತು ಸಿಗ್ತದೆ. ಸೈಕಿಯಾಟ್ರಿಸ್ಟ್ ಅಂದ್ರೆ ಮದ್ದು ಬರೆಯುವ, ಸರ್ಟಿಫಿಕೇಟ್ ಕೊಡುವ ಡಾಕ್ಟ್ರು, ಸೈಕಾಲಜಿಸ್ಟ್ ಅಂದ್ರೆ ಕೂರಿಸಿ ಮಾತಾಡಿಸಿ ದಾರಿ ಮಾಡಿ ಕೊಡುವವರು, ಎರಡೂ ಬೇಕಾಗಬಹುದು. ಡಾಕ್ಟ್ರ ಎದುರು ನಾವು ವರದಿ ಮಾಡಿದ ಹಾಗೆ ಮಾತಾಡ್ತೇವೆ, ಇಸವಿ ತಾರೀಕು ಸತ್ತವರ ಸಂಖ್ಯೆ ಎಲ್ಲ ಹೇಳಿ ನಮ್ಮ ವಿಷಯ ಮಾತ್ರ ಹೇಳೋದಿಲ್ಲ. ನನ್ನ ಡಾಕ್ಟ್ರು ಹತ್ತು ನಿಮಿಷ ಕೇಳಿ "ಇದೆಲ್ಲ ಪೇಪರಲ್ಲಿ ಓದಿದ್ದೇನೆ, ನೀವು ರಾತ್ರಿ ಎಷ್ಟು ಗಂಟೆಗೆ ಮಲಗ್ತೀರಿ?" ಅಂತ ಕೇಳಿದ್ರು.

ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು. ಆದರೆ ಒಪಿಡಿ ಖರ್ಚು ಹೆಚ್ಚಿನ ಪಾಲಿಸಿಯಲ್ಲಿ ಇರೋದಿಲ್ಲ, ಅದನ್ನು ಕೈಯಿಂದ ಹಾಕಬೇಕಾದೀತು ಅಂತ ಲೆಕ್ಕ ಇಟ್ಕೊಳ್ಳಿ.

ಮೂರನೇ ಹೆಜ್ಜೆ: ರಜೆ ಲೆಕ್ಕ, ದುಡ್ಡಿನ ಲೆಕ್ಕ

ಹೆಚ್ಚಿನ ರಿಪೋರ್ಟರ್‌ಗಳಿಗೆ ಡಿಸಿ ಆಫೀಸಿನ ಬಜೆಟ್ ಬಾಯಿಪಾಠ, ತನ್ನ ಇಎಲ್, ಅಂದ್ರೆ ದುಡಿದು ಗಳಿಸಿದ ಸಂಬಳದ ರಜೆ, ಎಷ್ಟುಂಟು ಅಂತ ಗೊತ್ತಿಲ್ಲ. ಎಚ್ಆರ್‌ಗೆ ಒಂದು ಮೇಲ್ ಹಾಕಿ ಬ್ಯಾಲೆನ್ಸ್ ಕೇಳಿ, ಫೋನಲ್ಲಿ ಬೇಡ. 1955ರ ಶ್ರಮಜೀವಿ ಪತ್ರಕರ್ತರ ಕಾಯ್ದೆಯಲ್ಲಿ 11 ದಿನ ಡ್ಯೂಟಿಗೆ 1 ದಿನದ ಲೆಕ್ಕದಲ್ಲಿ ಪೂರ್ತಿ ಸಂಬಳದ ರಜೆ, ಡಾಕ್ಟ್ರ ಸರ್ಟಿಫಿಕೇಟ್ ಮೇಲೆ ಸರ್ವಿಸಿನ 18ನೇ ಒಂದು ಪಾಲು ಅರ್ಧ ಸಂಬಳದ ರಜೆ, ವಾರಕ್ಕೆ ಒಂದಿಡೀ ದಿನ ಬಿಡುವು, 4 ವಾರಕ್ಕೆ 144 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ ಅಂತೆಲ್ಲ ಬರೆದಿತ್ತು. 144 ಗಂಟೆ ಅಂತ ನಮ್ಮ ಬ್ಯೂರೋದಲ್ಲಿ ಓದಿ ಹೇಳಿದಾಗ ಚಾ ತಂದವನೂ ಸೇರಿ ಎಲ್ಲರೂ ನಗಾಡಿದ್ರು. ಈಗ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಹಳೇ ಕಾಯ್ದೆ ಅದರೊಳಗೆ ಸೇರಿಹೋಗಿದೆ, ಟಿವಿ ಮತ್ತೆ ಡಿಜಿಟಲ್‌ನವರನ್ನೂ ಪತ್ರಕರ್ತರು ಅಂತ ಸೇರಿಸಿದ್ದಾರೆ. ನಿಮ್ಮ ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ನಿಮ್ಮನ್ನು ಎಂತ ಅಂತ ಕರೆದಿದ್ದಾರೆ ಅನ್ನೋದು ಇಲ್ಲಿ ಮುಖ್ಯ, ಕೆಲವು ಕಡೆ ರಿಪೋರ್ಟರನ್ನು "ಕಂಟೆಂಟ್ ಎಕ್ಸಿಕ್ಯೂಟಿವ್" ಅಂತ ಬರೆದಿಟ್ಟಿರ್ತಾರೆ.

ನನ್ನದು 38 ಇಎಲ್, 9 ಕಾಂಪ್ ಆಫ್ (ರಜೆ ದಿನ ದುಡಿದದ್ದಕ್ಕೆ ಸಿಗುವ ಬದಲಿ ರಜೆ), 16 ಅರ್ಧ ಸಂಬಳದ್ದು, ಒಟ್ರಾಶಿ 63. ಅರ್ಧ ಸಂಬಳದ ದಿನಗಳನ್ನು ಕೊನೆಗೆ ಇಡಿ, ಮೊದಲ ತಿಂಗಳೇ ದುಡ್ಡಿನ ಬಿಸಿ ಮುಟ್ಟಿದ್ರೆ ಮನುಷ್ಯ ನಾಲ್ಕನೇ ವಾರಕ್ಕೆ ವಾಪಸ್ ಆಫೀಸಲ್ಲಿ ಇರ್ತಾನೆ. ಬಾಡಿಗೆ, ಇಎಂಐ, ಸ್ಕೂಲ್ ಫೀಸು, ಮದ್ದು, ಈ ನಾಲ್ಕು ಬರೆದು ಎಷ್ಟು ತಿಂಗಳು ತಡೆಯುತ್ತದೆ ನೋಡಿ. ಪೆಟ್ರೋಲ್ ಮತ್ತೆ ಹೊರಗಿನ ಚಾ-ಊಟ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಉಳಿತದೆ.

ಸ್ಟ್ರಿಂಗರ್‌ಗಳಿಗೆ ಇದು ಯಾವುದೂ ಇಲ್ಲ ಅಂತ ನನಗೂ ಗೊತ್ತುಂಟು. ಸುದ್ದಿಗಿಷ್ಟು ಅಂತ ಸಿಗುವವನಿಗೆ ರಜೆ ಅಂದ್ರೆ ಊಟ ಕಟ್. ಅವರಿಗೆ ನಾನು ಕಂಡ ಒಂದು ದಾರಿ ಅಂದ್ರೆ ಪಕ್ಕದ ತಾಲೂಕಿನವನ ಜೊತೆ ಅದಲುಬದಲು: 15 ದಿನ ನಿನ್ನ ಏರಿಯಾದ ಸಾವುನೋವು ನಾನು ನೋಡ್ತೇನೆ, ನೀನು ನನ್ನ ಏರಿಯಾದ ಜಾತ್ರೆ, ಪಂಚಾಯತ್, ಅಡಿಕೆ ರೇಟು ನೋಡು, ಆಮೇಲೆ ತಿರುಗಿಸೋದು. ಇದು ರಜೆ ಅಲ್ಲ, ಆದರೆ ಉಸಿರು ತಗೊಳ್ಲಿಕ್ಕೆ ಆಗ್ತದೆ. ಬೆಳ್ತಂಗಡಿ ಕಡೆ ಇಬ್ಬರು ಹೀಗೆ ಮಾಡಿ ಇನ್ನೂ ಫೀಲ್ಡಿನಲ್ಲಿದ್ದಾರೆ.

ನಾಲ್ಕನೇ ಹೆಜ್ಜೆ: ಪತ್ತನಾಜೆ ನಿಶ್ಚಯ ಮಾಡಿ

ನಮ್ಮ ಊರಲ್ಲಿ ವಿಶ್ರಾಂತಿಗೆ ತಾರೀಕುಂಟು ನೋಡಿ. ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಗೆ, ಪತ್ತನಾಜೆ, ಅಲ್ಲಿಗೆ ಭೂತಕೋಲ ಇಲ್ಲ, ಜಾತ್ರೆ ಇಲ್ಲ, ಯಕ್ಷಗಾನ ಮೇಳದವ್ರು ಗೆಜ್ಜೆ ಬಿಚ್ಚಿ ಇಡ್ತಾರೆ. ಎಷ್ಟೇ ದೊಡ್ಡ ವೇಷಧಾರಿಯಾದ್ರೂ "ನನಗಿನ್ನೂ ಶಕ್ತಿ ಉಂಟು, ಜೂನಲ್ಲೂ ಮೇಳದ ಜೊತೆ ಕುಣಿತೇನೆ" ಅಂತ ಹೇಳ್ಲಿಕ್ಕಿಲ್ಲ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯೋ ಹಾಗಿಲ್ಲ, 61 ದಿನ, ಬಲೆ ರಿಪೇರಿ, ಇಂಜಿನ್ ಕೆಲಸ. ಆಗ ಮೀನುಗಾರ ಸೋಮಾರಿ ಅಂತ ಯಾರೂ ಹೇಳೋದಿಲ್ಲ. ನಮ್ಮ ರಜೆ ಹಾಳಾಗೋದು ಎಲ್ಲಿ ಅಂದ್ರೆ ಅದಕ್ಕೆ ಶುರು-ಕೊನೆ ಇರೋದಿಲ್ಲ, "ನಾಲ್ಕು ದಿನ ನೋಡ್ತೇನೆ" ಅಂತ ಮನೆಯಲ್ಲಿ ಕೂತು ಅರ್ಧ ಕೆಲಸ ಮಾಡ್ತಾ ಇರ್ತೇವೆ.

ಹಾಗಾಗಿ ಎರಡು ತಾರೀಕು ಬರೀರಿ, ಹೋಗುವ ದಿನ, ಬರುವ ದಿನ. ಒಂದು ವಾರ ಸಾಲದು, ಎರಡು ವಾರದಲ್ಲಿ ನಿದ್ರೆ ಸರಿಯಾಗ್ತದೆ ಅಷ್ಟೆ, ಆರು ವಾರಕ್ಕಿಂತ ಕಡಿಮೆ ಬೇಡ ಅಂತ ನನ್ನ ಅಭಿಪ್ರಾಯ. ಯಾವಾಗ? ಪತ್ತನಾಜೆಗೇ ಹೋಗ್ಬೇಕು ಅಂತ ಆಸೆಯಾಗ್ತದೆ, ಆದರೆ ಕರಾವಳಿಯಲ್ಲಿ ಜೂನಿಂದ ಸೆಪ್ಟೆಂಬರ್ ಅಂದ್ರೆ ಮರ ಬಿತ್ತು ಗುಡ್ಡ ಜರಿಯಿತು ದೋಣಿ ಮಗುಚಿತು, ಆಫೀಸಿನವರು ಬಿಡೋದಿಲ್ಲ. ನಾನು ಮಳೆ, ಚೌತಿ, ದಸರಾ ಎಲ್ಲ ಮುಗಿಸಿ ದೀಪಾವಳಿ ಆದ ಸೋಮವಾರ, 2024ರ ನವೆಂಬರ್ 4ಕ್ಕೆ ಹೊರಟೆ. ಮೇಳಗಳು ಗೆಜ್ಜೆ ಕಟ್ಟುವ ಹೊತ್ತಿಗೆ ನಾನು ಬಿಚ್ಚಿದ್ದು. ಬರುವ ದಿನ ಜನವರಿ 6.

ಐದನೇ ಹೆಜ್ಜೆ: ಹೇಳೋದು

ಎಡಿಟರ್ ಹತ್ರ ಸಂಜೆ ಹೋಗಬೇಡಿ, ಪೇಜ್ ಬಿಡುವ ಟೈಮಲ್ಲಿ ದೇವರು ಬಂದ್ರೂ ಬೈಗುಳವೇ. ಬೆಳಗ್ಗೆ ಹನ್ನೊಂದಕ್ಕೆ, ಸರ್ಟಿಫಿಕೇಟ್ ಮತ್ತೆ ಎರಡು ತಾರೀಕು ಕೈಯಲ್ಲಿಟ್ಟು ಹೋಗಿ. "ಕೊಡ್ತೀರಾ ಸರ್" ಅಂತ ಶುರು ಮಾಡಬೇಡಿ. ಬಾಯಲ್ಲಿ ಹೇಳಿದ ಮೇಲೆ ಅದೇ ದಿನ ಮೇಲ್ ಹಾಕಿ. ನಾನು ಹಾಕಿದ್ದು ಇಷ್ಟೇ:

"ಸರ್, ವೈದ್ಯರ ಸಲಹೆಯ ಮೇರೆಗೆ ನವೆಂಬರ್ 4ರಿಂದ ಜನವರಿ 5ರವರೆಗೆ ನನಗೆ ವಿಶ್ರಾಂತಿ ಅಗತ್ಯವಿದೆ. ರಜೆಯ ವಿವರ ಮತ್ತು ಪ್ರಮಾಣಪತ್ರ ಲಗತ್ತಿಸಿದ್ದೇನೆ. ಬಾಕಿ ಸುದ್ದಿಗಳ ಪಟ್ಟಿಯನ್ನು ಅಕ್ಟೋಬರ್ 30ರೊಳಗೆ ಒಪ್ಪಿಸುತ್ತೇನೆ. ಈ ಅವಧಿಯಲ್ಲಿ ಫೋನ್‌ನಲ್ಲಿ ಲಭ್ಯವಿರುವುದಿಲ್ಲ."

ಕೊನೇ ಸಾಲು ಬಿಡಬೇಡಿ. ಬರ್ನೌಟ್ ಅಂತ ಶಬ್ದ ಹೇಳಬೇಕಾ ಬೇಡವಾ ಅಂತ ಕೇಳಿದ್ರೆ ನಿಮ್ಮ ಎಡಿಟರ್ ಎಂಥವರು ಅಂತ ನಿಮಗೇ ಗೊತ್ತು, ಹೇಳಲೇಬೇಕು ಅಂತ ಇಲ್ಲ. ನನ್ನವರು ಮೊದಲು "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಪ್ಪ" ಅಂದ್ರು, ಆಮೇಲೆ ಸ್ವಲ್ಪ ಹೊತ್ತು ಕಿಟಕಿ ಹೊರಗೆ ನೋಡಿ "ಇತ್ತು, ನಾವು ಕುಡಿತಿದ್ದೆವು" ಅಂದ್ರು. ಸೈನ್ ಹಾಕಿದ್ರು.

ಆರನೇ ಹೆಜ್ಜೆ: ಬಾಕಿ ಒಪ್ಪಿಸೋದು

ಇದನ್ನು ಎಲ್ಲರೂ ಹಾರಿಸ್ತಾರೆ, ರಜೆಯಲ್ಲಿ ಮಂಡೆ ತಿನ್ನೋದು ಇದೇ. ಒಂದು ಹಾಳೆಯಲ್ಲಿ ನಾಲ್ಕು ಪಟ್ಟಿ ಮಾಡಿ: ಅರ್ಧಕ್ಕೆ ನಿಂತ ಸುದ್ದಿ, ಮುಂದೆ ಬರುವ ಕೋರ್ಟ್ ತಾರೀಕು, ಸೋರ್ಸ್‌ಗಳು (ಅವರನ್ನು ಕೇಳಿಯೇ ನಂಬರ್ ಕೊಡಿ), ಮತ್ತೆ ನೀವು ಮಾತು ಕೊಟ್ಟ ಮನೆಗಳು.

ಕೊನೆಯದ್ದೇ ಕಷ್ಟ. "ಪರಿಹಾರದ ವಿಷಯ ನಾನು ಬರಿತೇನೆ ಅಮ್ಮ" ಅಂತ ಎಷ್ಟು ಅಂಗಳದಲ್ಲಿ ನಿಂತು ಹೇಳಿರ್ತೇವೆ! ನನ್ನ ಪಟ್ಟಿಯಲ್ಲಿ ಏಳು ಮನೆ ಇತ್ತು. ಒಂದೊಂದೇ ಫೋನ್ ಮಾಡಿ "ಎರಡು ತಿಂಗಳು ನಾನು ಇರೋದಿಲ್ಲ, ಇಂಥವರು ಫೋನ್ ಮಾಡ್ತಾರೆ" ಅಂತ ಹೇಳಿದೆ. ಗುಡ್ಡ ಜರಿದು ಗಂಡನನ್ನು ಕಳ್ಕೊಂಡ ಒಬ್ಬ ಅಕ್ಕ "ಎಂತ ಆಯ್ತು ನಿಮಗೆ?" ಕೇಳಿದ್ರು. "ಸುಸ್ತು ಅಕ್ಕ." "ಗಂಜಿ ಊಟ ಮಾಡಿ, ಬಿಸಿಲಿಗೆ ಹೋಗಬೇಡಿ" ಅಂದ್ರು. ಫೋನ್ ಇಟ್ಟು ಬೈಕ್ ಪಕ್ಕದಲ್ಲಿ ನಿಂತು ಅತ್ತೆ, ಎಷ್ಟೋ ವರ್ಷದ ಮೇಲೆ.

ಏಳನೇ ಹೆಜ್ಜೆ: ಫೋನ್

71 ವಾಟ್ಸಾಪ್ ಗ್ರೂಪ್ ಇತ್ತು ನನ್ನಲ್ಲಿ. ಪೊಲೀಸ್ ಪ್ರೆಸ್‌ನೋಟಿನದ್ದು, ಫೈರ್‌ನವರದ್ದು, ಆಂಬ್ಯುಲೆನ್ಸಿನವರದ್ದು, ಪ್ರತಿ ತಾಲೂಕಿನದ್ದು, ಮತ್ತೆ ಆಕ್ಸಿಡೆಂಟ್ ಆದ ಎರಡು ನಿಮಿಷಕ್ಕೆ ಯಾರ್ಯಾರೋ ಹಸಿ ಫೋಟೊ ಹಾಕುವ ಗ್ರೂಪುಗಳು. ಮ್ಯೂಟ್ ಮಾಡೋದು, ಆರ್ಕೈವ್ ಮಾಡೋದು ಯಾವುದೂ ಪ್ರಯೋಜನ ಇಲ್ಲ, ಕೈ ತನ್ನಿಂತಾನೇ ಒಳಗೆ ಹೋಗ್ತದೆ. ಹೊರಗೆ ಬನ್ನಿ. "ಎಕ್ಸಿಟ್ ಆದ್ರೆ ಬೇಜಾರ್ ಮಾಡ್ತಾರೆ" ಅನ್ನುವವರು ಅಡ್ಮಿನ್‌ಗೆ ಒಂದು ಸಾಲು ಮೆಸೇಜ್ ಹಾಕಿ. ಇಲ್ಲದಿದ್ರೆ ಆ ಸಿಮ್ಮನ್ನು ಒಂದು ಹಳೇ ಮೊಬೈಲಿಗೆ ಹಾಕಿ ಕಪಾಟಿನಲ್ಲಿಟ್ಟು ಮನೆಯವರಿಗೆ ಮಾತ್ರ ಗೊತ್ತಿರುವ ಹೊಸ ನಂಬರ್ ಮಾಡಿ. ನಾನು ಎರಡೂ ಮಾಡಿದೆ. ವಾಟ್ಸಾಪಿನಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ಕೂಡ ಬಂದ್ ಮಾಡಿ.

ಗ್ಯಾಲರಿ ಇನ್ನೊಂದು. ನಮ್ಮ ಫೋನಿನಲ್ಲಿ ಮಗಳ ಬರ್ತ್‌ಡೇ ಫೋಟೊ ಪಕ್ಕದಲ್ಲೇ ಹೆಣದ ಫೋಟೊ ಇರ್ತದೆ. ಕೆಲಸದ ಫೋಟೊ ಎಲ್ಲ ಒಂದು ಹಾರ್ಡ್ ಡಿಸ್ಕಿಗೆ ಹಾಕಿ ಆಫೀಸಿನ ಡ್ರಾಯರಲ್ಲಿಡಿ, ಒಂದೊಂದೇ ತೆಗೆದು ನೋಡ್ತಾ ಕೂರಬೇಡಿ, ಆಗದಿದ್ರೆ ಕಂಪ್ಯೂಟರ್ ಗೊತ್ತಿರುವ ಫ್ರೆಂಡಿಗೆ ಕೊಡಿ. ಗೂಗಲ್ ಫೋಟೋಸ್‌ನವರು "ಹಿಂದಿನ ವರ್ಷ ಈ ದಿನ" ಅಂತ ಮ್ಯೂಸಿಕ್ ಹಾಕಿ ತೋರಿಸ್ತಾರೆ, ಅದರ ಮೆಮೊರೀಸ್ ಸೆಟ್ಟಿಂಗಿಗೆ ಹೋಗಿ ಆ ತಾರೀಕುಗಳನ್ನು ಹೈಡ್ ಮಾಡ್ಲಿಕ್ಕೆ ಆಗ್ತದೆ. ನನಗೆ ಇದು ಗೊತ್ತಾದದ್ದು ಒಂದು ಬೆಳಗ್ಗೆ ಚಾ ಕುಡಿತಾ ಇದ್ದಾಗ ಸ್ಕ್ರೀನಿನಲ್ಲಿ ಒಂದು ಜೋಡಿ ಚಪ್ಪಲಿ ಬಂದ ಮೇಲೆ, ಹಿನ್ನೆಲೆಯಲ್ಲಿ ಪಿಯಾನೋ.

ಎಂಟನೇ ಹೆಜ್ಜೆ: ಮೊದಲ ಹತ್ತು ದಿನ ಎಂತದೂ ಮಾಡಬೇಡಿ

ಗೋವಾ ಬೇಡ, ಕೊಡಗು ಬೇಡ. ಜ್ವರ ಬರಬಹುದು, ಸೊಂಟ ಹಿಡಿಯಬಹುದು, ದಿನಕ್ಕೆ ಹನ್ನೆರಡು ಗಂಟೆ ನಿದ್ರೆ ಬರಬಹುದು, ಎಲ್ಲ ನನಗೆ ಬಂತು. ಆಂಬ್ಯುಲೆನ್ಸ್ ಸೈರನ್ ಕೇಳಿದ್ರೆ ಎದ್ದು ಪ್ಯಾಂಟ್ ಹಾಕ್ತಿದ್ದೆ. ಹೆಂಡತಿ "ಎಲ್ಲಿಗೆ?" ಅಂತ ಕೇಳಿದ ಮೇಲೆ ವಾಪಸ್ ಕೂರ್ತಿದ್ದೆ.

ಕುಡಿಯೋದರ ಬಗ್ಗೆ ಉಪದೇಶ ಇಲ್ಲ, ಒಂದೇ ಮಾತು, ನಿದ್ರೆಗೆ ಅಂತ ಕುಡಿಯಬೇಡಿ, ಬೇಗ ಮಲಗಿಸ್ತದೆ, ಮೂರು ಗಂಟೆಗೆ ಎಬ್ಬಿಸ್ತದೆ. ಡಾಕ್ಟ್ರು ಮದ್ದು ಕೊಟ್ಟಿದ್ರಂತೂ ಬೇಡವೇ ಬೇಡ.

ಊರಿನವರು "ಕೆಲಸ ಬಿಟ್ಟದ್ದಾ?" ಕೇಳ್ತಾರೆ. "ಇಲ್ಲ, ಸೊಂಟ ನೋವು" ಅನ್ನಿ, ಸೊಂಟ ನೋವಿಗೆ ನಮ್ಮಲ್ಲಿ ಭಾರೀ ಗೌರವ ಉಂಟು.

ಒಂಬತ್ತನೇ ಹೆಜ್ಜೆ: ಆಮೇಲೆ ಕೈಗೆ ಕೆಲಸ ಕೊಡಿ, ತಲೆಗಲ್ಲ

ನಾನು ಪುತ್ತೂರು ಕಡೆ ಅತ್ತೆ ಮನೆಗೆ ಹೋದೆ, ಅಡಿಕೆ ಕೊಯ್ಲು ಶುರುವಾಗಿತ್ತು. ಹಣ್ಣಡಿಕೆ ಅಂಗಳಕ್ಕೆ ಹಾಕಿದ್ರೆ ಒಣಗಿ ಚಾಲಿ ಅಡಿಕೆ ಆಗ್ಲಿಕ್ಕೆ 40-45 ದಿನದ ಬಿಸಿಲು ಬೇಕು, ದಿನಾ ಕೈಯಾಡಿಸಬೇಕು, ಅವಸರ ಮಾಡಿ ಆಗೋದಿಲ್ಲ. ನನ್ನ ರಜೆಗೆ ಸರಿಯಾದ ಗಡಿಯಾರ ಅದು. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಬರಿಗಾಲಲ್ಲಿ ಅಡಿಕೆ ಮೇಲೆ ಕಾಲು ಎಳೆದುಕೊಂಡು ಗೆರೆ ಗೆರೆಯಾಗಿ ಹೋಗೋದು, ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ. ಅತ್ತೆಗೆ ನನ್ನ ಗೆರೆ ಸೊಟ್ಟ ಅಂತ ತಕರಾರು. ಮೊದಲ ವಾರ ಕಿತ್ತಳೆ ಬಣ್ಣ, ಮೂರನೇ ವಾರಕ್ಕೆ ಕಂದು, ಆಮೇಲೆ ಒಂದು ದಿನ ಕೈಯಲ್ಲಿ ಹಿಡಿದು ಅಲುಗಾಡಿಸಿದ್ರೆ ಒಳಗಿಂದ ಕಟಕಟ ಸದ್ದು. ಅಡಿಕೆಯೇ ಆಗಬೇಕು ಅಂತ ಇಲ್ಲ, ಮಲ್ಲಿಗೆ ಕಟ್ಟೋದು, ಹಟ್ಟಿ ಕೆಲಸ, ಅಡುಗೆ, ಸೈಕಲ್ ರಿಪೇರಿ, ಮುಗಿದದ್ದು ಕಣ್ಣಿಗೆ ಕಾಣುವ ಯಾವುದಾದ್ರೂ ಆಗ್ತದೆ. ಕಡಲ ಬದಿ ನಡೆಯುವವರಿಗೆ ಸಸಿಹಿತ್ಲು, ಕಾಪು, ಪಡುಬಿದ್ರಿ ಉಂಟು. ನನಗೆ ಮಾತ್ರ ಆಗೋದಿಲ್ಲ, ಪ್ರತಿ ಬೀಚಲ್ಲೂ ನಾನು ಬರೆದ ಒಂದು ಮುಳುಗಿದ ಕೇಸು ಉಂಟು. ನಿಮ್ಮ ಬೀಟಿನ ನೆನಪಿಲ್ಲದ ಜಾಗ ಹುಡುಕಿ.

"ಅನುಭವ ಬರೆದಿಡಿ, ಪುಸ್ತಕ ಆಗ್ತದೆ" ಅಂತ ಹೇಳುವವರು ಬರ್ತಾರೆ. ಮೊದಲ ತಿಂಗಳು ಬೇಡ. ಅದೂ ಕಾಪಿಯೇ.

ಹತ್ತನೇ ಹೆಜ್ಜೆ: ದೊಡ್ಡ ಸುದ್ದಿ ಬಂದೇ ಬರ್ತದೆ

ನಾನು ರಜೆಗೆ ಹೋಗಿ ಸರಿಯಾಗಿ ಎರಡು ವಾರಕ್ಕೆ, ನವೆಂಬರ್ 18ರ ರಾತ್ರಿ, ಹೆಬ್ರಿ ಕಬ್ಬಿನಾಲೆಯಲ್ಲಿ ಎನ್‌ಕೌಂಟರ್, ನಕ್ಸಲ್ ನಾಯಕ ವಿಕ್ರಂ ಗೌಡ ಹತ. ಎಷ್ಟೋ ವರ್ಷ ಆ ಕಾಡಿನ ದಾರಿ ನಡೆದು ಸುದ್ದಿ ಮಾಡಿದವ ನಾನು, ನನ್ನ ಬೀಟಿನ ದೊಡ್ಡ ಸುದ್ದಿ, ನಾನು ಅಡಿಕೆ ಅಂಗಳದಲ್ಲಿ. ಮರುದಿನ ಬೆಳಗ್ಗೆ ಭಾವನ ಮೊಬೈಲಿನಲ್ಲಿ ಕಂಡದ್ದು. ಕಪಾಟಿನ ಸಿಮ್ ಮಂಗಳೂರಿನಲ್ಲಿತ್ತು, ಅದೊಂದೇ ನನ್ನನ್ನು ಉಳಿಸಿದ್ದು. ಬೈಕ್ ಕೀ ತಗೊಂಡು ಗೇಟಿನ ತನಕ ಹೋದದ್ದು ನಿಜ.

ಇಂಥ ದಿನಕ್ಕೆ ಮೊದಲೇ ನಿಯಮ ಮಾಡಿಟ್ಟಿರಬೇಕು, ಆ ಹೊತ್ತಿಗೆ ಯೋಚನೆ ಮಾಡಿದ್ರೆ ನೀವು ಹೋಗ್ತೀರಿ. ನನ್ನದು ಕಾಗದದಲ್ಲಿ ಬರೆದಿಟ್ಟದ್ದು: ತಲೆ ಮೇಲೆ ತಲೆ ಬಿದ್ರೂ ಹೋಗೋದಿಲ್ಲ, ಡೆಸ್ಕಿನವರಿಗೆ ಹಿನ್ನೆಲೆ ಬೇಕಾದ್ರೆ ಹೆಂಡತಿಯ ಫೋನಿಗೆ ಒಂದು ಕಾಲ್, ಹತ್ತು ನಿಮಿಷ, ಅಷ್ಟೆ. ಒಂದು ಕಾಲ್ ಬಂತು, ಹೇಳಿದೆ. ಮರುದಿನ ನನ್ನ ಬದಲಿಗೆ ಹೋದ ಹುಡುಗನ ಕಾಪಿ ಓದಿದೆ. ಚೆನ್ನಾಗಿತ್ತು. ಅದು ಚೆನ್ನಾಗಿದ್ದದ್ದೇ ಎರಡು ದಿನ ಬೇಜಾರ್ ಮಾಡಿತು, ಇದನ್ನೂ ಹೇಳಬೇಕಲ್ಲ.

ಡಿಸೆಂಬರ್ ಶುರುವಿಗೆ ಫೆಂಗಲ್ ಚಂಡಮಾರುತದ ಮಳೆ ನಮ್ಮ ಕಡೆಗೂ ಬಂತು. ಮೋಡ ಕಂಡು ಅತ್ತೆ ಕೂಗಿದ್ರು, ನಾವು ನಾಲ್ಕು ಜನ ಅಡಿಕೆಯನ್ನು ಒಟ್ಟು ಮಾಡಿ ಟರ್ಪಾಲು ಎಳೆದು ಅಂಚಿಗೆ ಕಲ್ಲು ಇಡುವಷ್ಟರಲ್ಲಿ ಅರ್ಧ ಒದ್ದೆ. ಚಾವಡಿಯಲ್ಲಿ ತಲೆ ಒರೆಸ್ತಾ ಕೂತಾಗ ಹೊಳೆಯಿತು, ಇಷ್ಟು ಮಳೆ ಬಂದ್ರೂ ಎಲ್ಲಿ ಎಂತ ಬಿತ್ತು, ಎಷ್ಟು ಜನ ಅಂತ ನಾನು ಯೋಚನೆಯೇ ಮಾಡಿಲ್ಲ, ಅಡಿಕೆ ಹಾಳಾಯ್ತಲ್ಲ ಅಂತಲೇ ಬೇಜಾರು. ಡಾಕ್ಟ್ರಿಗೆ ಹೇಳಿದೆ, ಬರ್ಕೊಂಡ್ರು.

ಹನ್ನೊಂದನೇ ಹೆಜ್ಜೆ: ವಾಪಸ್ ಹೋಗೋದು

ಸೀದಾ ಹಳೇ ಬೀಟಿಗೆ ಹೋಗಬೇಡಿ. ಒಂದು ತಿಂಗಳು ಡೆಸ್ಕ್, ಫೀಚರ್, ಕೃಷಿ ಯಾವುದಾದ್ರೂ ಕೇಳಿ. ನಾನು ಅಡಿಕೆ ಎಲೆಚುಕ್ಕಿ ರೋಗದ ಸುದ್ದಿ ಮಾಡಿದೆ, ಓದುಗರಿಂದ ಕ್ರೈಂಗಿಂತ ಜಾಸ್ತಿ ಫೋನ್ ಬಂತು. ಹೋಗುವ ಮೊದಲು ಡಾಕ್ಟ್ರನ್ನು ಒಮ್ಮೆ ನೋಡಿ, ಆರಾಮಾಯ್ತು ಅಂತ ಮದ್ದನ್ನು ನೀವೇ ನಿಲ್ಲಿಸಬೇಡಿ.

ಆಮೇಲೆ ಕೆಲವು ಕಟ್ಟುಪಾಡು. ಹಸಿ ವಿಡಿಯೊ ನೋಡಬೇಕಾದ್ರೆ ಸೌಂಡ್ ತೆಗೆದು, ಸ್ಕ್ರೀನಿನಲ್ಲಿ ವಿಡಿಯೊದ ಕಿಟಕಿ ಸಣ್ಣ ಮಾಡಿ, ಒಮ್ಮೆ ಮಾತ್ರ ನೋಡೋದು, ನನಗಂತೂ ಕಣ್ಣಿಗಿಂತ ಕಿವಿಯೇ ಜಾಸ್ತಿ ಉಳಿಸ್ಕೊಳ್ಳೋದು. ಮಲಗುವ ಮೊದಲು ಬೇಡ. ಮಾರ್ಚರಿಗೆ ಹೋದ ದಿನ ಸೀದಾ ಮನೆಗೆ ಹೋಗದೆ ಯಾರಾದ್ರೂ ಒಬ್ಬರ ಜೊತೆ ಚಾ ಕುಡಿದು ಹೋಗೋದು, ಸುದ್ದಿಯ ವಿಷಯ ಮಾತಾಡಲೇಬೇಕು ಅಂತ ಇಲ್ಲ. ಸಾವಿನ ಸುದ್ದಿ ಒಬ್ಬನ ಮೇಲೇ ಬೀಳದ ಹಾಗೆ ವಾರಕ್ಕೊಮ್ಮೆ ಬದಲಿ. 71 ಗ್ರೂಪಿನಲ್ಲಿ ನಾನು ವಾಪಸ್ ಸೇರಿದ್ದು 9ಕ್ಕೆ, ಮಿಸ್ ಆದ ಸುದ್ದಿ ಈ ತನಕ ಎರಡು, ಎರಡೂ ಬೈಕ್ ಸ್ಕಿಡ್. ಎರಡು ಮೂರು ತಿಂಗಳಾದ್ರೂ ಹಳೇದೇ ತಿರುಗಿ ಬಂತಾದ್ರೆ ಬೀಟ್ ಬದಲಿಸಿ, ಅದೂ ಆಗದಿದ್ರೆ ಕೆಲಸವೇ ಬದಲಿಸಿ, ನಮ್ಮಲ್ಲಿ ಅದನ್ನು ಸೋಲು ಅಂತ ಹೇಳುವ ಸೀನಿಯರ್‌ಗಳ ಬಿಪಿ ಎಷ್ಟುಂಟು ಅಂತ ಒಮ್ಮೆ ಕೇಳಿ ನೋಡಿ.

ಮುಂದಿನ ರಜೆಯ ತಾರೀಕು ವಾಪಸ್ ಬಂದ ವಾರವೇ ಹಾಕಿಡಿ, ಇಷ್ಟುದ್ದದ್ದು ಬೇಡ, ವರ್ಷಕ್ಕೆ 15 ದಿನ ಒಟ್ಟಿಗೆ ಸಾಕು. ನಾನು ಬ್ಯೂರೋದ ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ "ಪತ್ತನಾಜೆ" ಅಂತ ಬರೆದು ಗೆರೆ ಎಳೆದಿದ್ದೇನೆ. ಅದರ ಕೆಳಗೆ ಡೆಸ್ಕಿನವ ಪೆನ್ಸಿಲಲ್ಲಿ "ಎಲೆಕ್ಷನ್ ಬರದಿದ್ರೆ" ಅಂತ ಸೇರಿಸಿದ್ದಾನೆ.